‘ಮುಂದೆ ನೋಡಿದರೆ ಗುರುತಿಸುತ್ತೇನೆ’: ಪ್ರತ್ಯಕ್ಷದರ್ಶಿಯ ನೆನಪು ಮತ್ತು ನಿರಪರಾಧಿಗೆ ಆಗುವ ಶಿಕ್ಷೆ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ನ್ಯಾಯಾಲಯಗಳಲ್ಲಿ ಕಳವು ಮತ್ತು ಸುಲಿಗೆ ಮೊಕದ್ದಮೆಗಳ ಕಡತಗಳನ್ನು ಓದಿದವರಿಗೆ ಒಂದು ವಾಕ್ಯ ಚಿರಪರಿಚಿತವಾಗಿರುತ್ತದೆ. ಆರೋಪಿ ಯಾರೆಂದು ದೂರುದಾರರಿಗೆ ಗೊತ್ತಿಲ್ಲದ ಪ್ರಕರಣಗಳಲ್ಲಿ, ದೂರಿನ ಕೊನೆಯ ಭಾಗದಲ್ಲಿ ‘ಸದರಿ ವ್ಯಕ್ತಿಗಳನ್ನು ಮುಂದೆ ನೋಡಿದರೆ ಗುರುತಿಸುತ್ತೇನೆ’ ಎಂಬ ಮಾತು ಬರುತ್ತದೆ. ಕತ್ತಲಲ್ಲಿ ಕ್ಷಣಮಾತ್ರ ನೋಡಿದವರ ದೂರಿನಲ್ಲೂ, ಹಗಲಿನಲ್ಲಿ ಹತ್ತು ನಿಮಿಷ ಎದುರು ನಿಂತು ಮಾತಾಡಿದವರ ದೂರಿನಲ್ಲೂ ಅದೇ ಪದಗಳು, ಅದೇ ಖಚಿತತೆ. ಈ ಮಾತನ್ನು ದೂರುದಾರರು ತಾವಾಗಿ ಹೇಳಿದರೇ ಅಥವಾ ಬರೆದುಕೊಂಡವರು ರೂಢಿಯಂತೆ ಸೇರಿಸಿದರೇ ಎಂಬುದು ಕಾಗದದಿಂದ ತಿಳಿಯುವುದಿಲ್ಲ. ಆದರೆ ವರ್ಷಗಳ ನಂತರ ಒಬ್ಬ ಮನುಷ್ಯ ಜೈಲಿಗೆ ಹೋಗಬೇಕೋ ಮನೆಗೆ ಹೋಗಬೇಕೋ ಎಂಬುದು ಎಷ್ಟೋ ಸಲ ಈ ಒಂದು ವಾಕ್ಯದ ಮೇಲೆಯೇ ನಿಂತಿರುತ್ತದೆ. ಆದ್ದರಿಂದ ಮನುಷ್ಯನ ಮನಸ್ಸು ಈ ವಾಕ್ಯವನ್ನು ಎಷ್ಟರ ಮಟ್ಟಿಗೆ ನಡೆಸಿಕೊಡಬಲ್ಲದು ಎಂಬ ಪ್ರಶ್ನೆಯನ್ನು ಅಪರಾಧ ಮನೋವಿಜ್ಞಾನ ಕಳೆದ ಐವತ್ತು ವರ್ಷಗಳಿಂದ ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತ ಬಂದಿದೆ.

ವಿಷಯ ಸ್ಪಷ್ಟವಾಗಲೆಂದು ಒಂದು ಕಲ್ಪಿತ ಪ್ರಸಂಗವನ್ನು ಇಟ್ಟುಕೊಳ್ಳೋಣ. ಆಲ್ದೂರಿನ ಕಡೆಯ ಒಂದು ಕಾಫಿ ತೋಟ, ಮಾರ್ಚ್ ತಿಂಗಳು, ಕಣದಲ್ಲಿ ಒಣಗಿಸಿದ ಕಾಳುಮೆಣಸನ್ನು ಚೀಲಗಳಿಗೆ ತುಂಬಿ ಗೋದಾಮಿನಲ್ಲಿ ಇಟ್ಟಿದ್ದಾರೆ. ರಾತ್ರಿ ಎರಡು ಗಂಟೆಯ ಸುಮಾರಿಗೆ ನಾಯಿ ಬೊಗಳಿತೆಂದು ತೋಟದ ರೈಟರ್, ಅಂದರೆ ತೋಟದ ಲೆಕ್ಕಪತ್ರ ನೋಡಿಕೊಳ್ಳುವವರು, ಟಾರ್ಚ್ ಹಿಡಿದು ಹೊರಬರುತ್ತಾರೆ. ಗೋದಾಮಿನ ಮುಂದೆ ಒಂದು ಪಿಕಪ್ ನಿಂತಿದೆ, ಮೂವರು ಚೀಲ ಹೇರುತ್ತಿದ್ದಾರೆ. ಅವರಲ್ಲೊಬ್ಬ ಮಚ್ಚು ಎತ್ತಿಕೊಂಡು ಇವರ ಕಡೆಗೆ ತಿರುಗುತ್ತಾನೆ. ಟಾರ್ಚ್ ಬೆಳಕು ಅವನ ಮುಖದ ಮೇಲೆ ಮೂರೋ ನಾಲ್ಕೋ ಸೆಕೆಂಡು ಬೀಳುತ್ತದೆ. ಆಮೇಲೆ ಗಾಡಿ ಹೊರಟುಹೋಗುತ್ತದೆ. ರೈಟರ್ ಪ್ರಾಮಾಣಿಕರು, ಯಾರ ಮೇಲೂ ಹಗೆ ಇಲ್ಲದವರು, ಸುಳ್ಳು ಹೇಳಿ ಯಾವ ಲಾಭವೂ ಆಗಬೇಕಿಲ್ಲದವರು. ಸುಳ್ಳು ಸಾಕ್ಷಿಯನ್ನು ಬಯಲಿಗೆಳೆಯಲು ನಮ್ಮ ಕಾನೂನಿನಲ್ಲಿ ಹಲವು ಉಪಾಯಗಳಿವೆ. ಸತ್ಯವನ್ನೇ ಹೇಳುತ್ತಿದ್ದೇನೆಂದು ನಂಬಿ ತಪ್ಪು ಮನುಷ್ಯನತ್ತ ಬೆರಳು ತೋರುವ ಸಾಕ್ಷಿಯ ಮುಂದೆ ಆ ಉಪಾಯಗಳು ಸೋಲುತ್ತವೆ, ಮತ್ತು ಈ ಲೇಖನದ ಕಾಳಜಿ ಇರುವುದು ಆ ಎರಡನೆಯ ಸಾಕ್ಷಿಯ ಬಗ್ಗೆ.

ಕಂಡದ್ದು ಮನಸ್ಸಿನಲ್ಲಿ ಅಚ್ಚೊತ್ತಿ ಉಳಿಯುತ್ತದೆ, ಬೇಕಾದಾಗ ಅದನ್ನು ಹೊರತೆಗೆದು ನೋಡಬಹುದು ಎಂಬುದು ನಮ್ಮೆಲ್ಲರ ಸಹಜ ನಂಬಿಕೆ. ಕೇಂಬ್ರಿಜ್‌ನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ಪ್ರಕಟಿಸಿದ ಅಧ್ಯಯನಗಳು ಈ ನಂಬಿಕೆಯನ್ನು ಅಲುಗಾಡಿಸಿದವು: ತಮಗೆ ಅಪರಿಚಿತವಾದ ಒಂದು ಜನಪದ ಕಥೆಯನ್ನು ಓದಿದವರು ಅದನ್ನು ಮತ್ತೆ ಮತ್ತೆ ಹೇಳುವಾಗ, ಅರ್ಥವಾಗದ ಭಾಗಗಳನ್ನು ಕೈಬಿಟ್ಟು, ಉಳಿದುದನ್ನು ತಮ್ಮ ಲೋಕಕ್ಕೆ ಒಗ್ಗುವಂತೆ ತಿದ್ದಿ ಹೇಳುತ್ತಿದ್ದರು. ನೆನಪು ಪ್ರತಿ ಸಲವೂ ಹೊಸದಾಗಿ ಕಟ್ಟಲ್ಪಡುತ್ತದೆ ಎಂಬುದು ಇದರ ಸಾರ. ತಾಳಮದ್ದಳೆ ನೋಡಿದ ಮಲೆನಾಡಿನವರಿಗೆ ಇದು ಸುಲಭವಾಗಿ ಅರ್ಥವಾದೀತು. ಪ್ರಸಂಗದ ಪದ್ಯಗಳು ಮೊದಲೇ ನಿಶ್ಚಿತವಾಗಿರುತ್ತವೆ, ಅರ್ಥಧಾರಿಯ ಮಾತು ಮಾತ್ರ ಎದುರಿನವರ ಪ್ರಶ್ನೆಗೆ, ಆ ಹೊತ್ತಿನ ಮನೋಧರ್ಮಕ್ಕೆ ತಕ್ಕಂತೆ ಅಲ್ಲೇ ಹುಟ್ಟುತ್ತದೆ. ತಾನು ಅಲ್ಲೇ ಕಟ್ಟಿ ಆಡಿದ್ದೇನೆ ಎಂಬುದು ಅರ್ಥಧಾರಿಗೆ ಗೊತ್ತಿರುತ್ತದೆ. ನೆನಪು ಮಾಡಿಕೊಳ್ಳುವವನಿಗೆ ಅದು ಗೊತ್ತಾಗುವುದಿಲ್ಲ, ಕಂಡದ್ದನ್ನೇ ಹೇಳುತ್ತಿದ್ದೇನೆಂದು ಅವನು ಪೂರ್ಣವಾಗಿ ನಂಬಿರುತ್ತಾನೆ.

ನಮ್ಮ ರೈಟರ್ ಆ ರಾತ್ರಿ ನಿಜವಾಗಿ ಎಷ್ಟು ಕಂಡರು ಎಂಬುದು ಮೊದಲ ಪ್ರಶ್ನೆ. ದೂರ, ಬೆಳಕು, ನೋಡಿದ ಅವಧಿ ಇವು ಮುಖ್ಯವೆಂದು ಯಾರು ಬೇಕಾದರೂ ಹೇಳಬಹುದು. ಆದರೆ ಮಚ್ಚಿನ ವಿಷಯ ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ. ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಹೋಟೆಲಿನ ಗಲ್ಲಾದ ಮುಂದೆ ನಿಂತ ಗಿರಾಕಿಯ ಚಿತ್ರಗಳನ್ನು ತೋರಿಸಲಾಯಿತು. ಕೆಲವರಿಗೆ ಅವನ ಕೈಯಲ್ಲಿ ಚೆಕ್ಕು, ಕೆಲವರಿಗೆ ಪಿಸ್ತೂಲು. ಪಿಸ್ತೂಲು ಇದ್ದಾಗ ನೋಡುಗರ ಕಣ್ಣು ಅದರ ಮೇಲೆ ಹೆಚ್ಚು ಸಲ, ಹೆಚ್ಚು ಹೊತ್ತು ನಿಲ್ಲುತ್ತಿತ್ತು, ಗಿರಾಕಿಯ ಗುರುತು ಅಷ್ಟರಮಟ್ಟಿಗೆ ಕಡಿಮೆ ಉಳಿಯುತ್ತಿತ್ತು. ಇನ್ನು ಭಯ. ‘ಆ ಮುಖವನ್ನು ಸಾಯುವವರೆಗೂ ಮರೆಯಲಾರೆ’ ಎಂದು ಹಲ್ಲೆಗೊಳಗಾದವರು ಹೇಳುವುದು ಸಹಜ. ಆದರೆ ಚಾರ್ಲ್ಸ್ ಮಾರ್ಗನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತರಬೇತಿಯ ಅಂಗವಾಗಿ ಅರ್ಧ ಗಂಟೆಗೂ ಹೆಚ್ಚು ಕಾಲ ಕಠಿಣ ವಿಚಾರಣೆಗೆ ಒಳಗಾದ ಸೈನಿಕರು, ತಮ್ಮನ್ನು ಮುಖಾಮುಖಿ ವಿಚಾರಿಸಿದವನನ್ನೇ ಮರುದಿನ ಗುರುತಿಸುವುದರಲ್ಲಿ, ಸೌಮ್ಯ ವಿಚಾರಣೆಗೆ ಒಳಗಾದಾಗಿನದಕ್ಕಿಂತ ಬಹಳ ಹಿಂದೆ ಬಿದ್ದರು. ಭಾಗವಹಿಸಿದ್ದವರು ಐನೂರಕ್ಕೂ ಹೆಚ್ಚು ಮಂದಿ, ಎಲ್ಲರೂ ಗಟ್ಟಿ ಮನಸ್ಸಿನವರು. ಹಾಗಿರುವಾಗ ನಡುರಾತ್ರಿ ಒಬ್ಬರೇ ನಿಂತ ರೈಟರ್ ಬಗ್ಗೆ ನಾವು ಹೆಚ್ಚು ನಿರೀಕ್ಷಿಸುವುದು ನ್ಯಾಯವಲ್ಲ.

ನಮ್ಮ ಜಿಲ್ಲೆಗಳಿಗೆ ಬಹಳ ಹತ್ತಿರವಾದ ಇನ್ನೊಂದು ಸಂಗತಿಯಿದೆ. ತಮ್ಮ ಜನಾಂಗದವರ ಮುಖಗಳನ್ನು ಗುರುತಿಸಿದಷ್ಟು ಚೆನ್ನಾಗಿ ಬೇರೆ ಜನಾಂಗದವರ ಮುಖಗಳನ್ನು ಜನ ಗುರುತಿಸಲಾರರು ಎಂಬುದು ಈ ಕ್ಷೇತ್ರದ ಅತ್ಯಂತ ದೃಢವಾದ ಫಲಿತಾಂಶಗಳಲ್ಲಿ ಒಂದು. ಮೈಸ್ನರ್ ಮತ್ತು ಬ್ರಿಗಮ್ 2001ರಲ್ಲಿ 39 ಅಧ್ಯಯನಗಳನ್ನು, ಅಂದರೆ ಸುಮಾರು 5000 ಜನರ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಹಿಂದೆಂದೂ ನೋಡದ ಮುಖವನ್ನು ‘ನೋಡಿದ್ದೇನೆ’ ಎಂದು ತಪ್ಪಾಗಿ ಹೇಳುವ ಸಾಧ್ಯತೆ ಅನ್ಯ ಜನಾಂಗದ ಮುಖಗಳ ವಿಷಯದಲ್ಲಿ ಒಂದೂವರೆ ಪಟ್ಟಿನಷ್ಟಿತ್ತು. ಇದು ದ್ವೇಷದಿಂದಲೇ ಹುಟ್ಟುವ ತಪ್ಪೆಂದು ತಿಳಿಯಬೇಕಾಗಿಲ್ಲ. ಎಳವೆಯಿಂದ ಯಾವ ಬಗೆಯ ಮುಖಗಳ ನಡುವೆ ಬೆಳೆದೆವೋ ಅವುಗಳ ಸೂಕ್ಷ್ಮ ವ್ಯತ್ಯಾಸಗಳಿಗೆ ಕಣ್ಣು ಪಳಗಿರುತ್ತದೆ. ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಲ್ಲಿ ಇಂದು ಅಸ್ಸಾಂ, ಜಾರ್ಖಂಡ್, ಪಶ್ಚಿಮ ಬಂಗಾಳದಿಂದ ಬಂದ ಕಾರ್ಮಿಕರು ದೊಡ್ಡ ಸಂಖ್ಯೆಯಲ್ಲಿ ಲೈನ್ ಮನೆಗಳಲ್ಲಿ ವಾಸವಾಗಿದ್ದಾರೆ. ಭಾಷೆ ಬಾರದ, ಜಾಮೀನು ನಿಲ್ಲುವ ನೆಂಟರಿಲ್ಲದ, ಊರಿನವರ ಕಣ್ಣಿಗೆ ‘ಎಲ್ಲರೂ ಒಂದೇ ಥರ’ ಕಾಣುವ ಈ ಜನ ಯಾರದೋ ಪ್ರಾಮಾಣಿಕ ತಪ್ಪಿಗೆ ಸಿಕ್ಕಿಬೀಳುವ ಅಪಾಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಎರಡನೆಯ ಪ್ರಶ್ನೆ, ಕಂಡ ಗಳಿಗೆಗೂ ಗುರುತಿಸುವ ಗಳಿಗೆಗೂ ನಡುವೆ ಆ ನೆನಪಿಗೆ ಏನಾಗುತ್ತದೆ ಎಂಬುದು. ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ವಾಹನ ಅಪಘಾತಗಳ ಚಲನಚಿತ್ರಗಳನ್ನು ವಿದ್ಯಾರ್ಥಿಗಳಿಗೆ ತೋರಿಸಿ ವೇಗವೆಷ್ಟಿತ್ತೆಂದು ಕೇಳಿದರು. ಕಾರುಗಳು ‘ಗುದ್ದಿದಾಗ’ ಎಂದು ಕೇಳಿದರೆ ಸರಾಸರಿ ಉತ್ತರ ಗಂಟೆಗೆ 34 ಮೈಲಿ; ‘ಅಪ್ಪಳಿಸಿ ನಜ್ಜುಗುಜ್ಜಾದಾಗ’ ಎಂಬ ಅರ್ಥದ ಪದ ಬಳಸಿದರೆ 40.8 ಮೈಲಿ. ಅದೇ ಬಗೆಯ ಎರಡನೆಯ ಪ್ರಯೋಗದಲ್ಲಿ, ಒಂದು ವಾರ ಬಿಟ್ಟು ‘ಒಡೆದ ಗಾಜು ಕಂಡಿರಾ’ ಎಂದು ಕೇಳಿದಾಗ, ಚಿತ್ರದಲ್ಲಿ ಗಾಜು ಒಡೆದೇ ಇರದಿದ್ದರೂ, ತೀವ್ರ ಪದ ಕೇಳಿಸಿಕೊಂಡಿದ್ದ 50 ಜನರಲ್ಲಿ 16 ಮಂದಿ ‘ಹೌದು’ ಎಂದರು. ಸಾಧಾರಣ ಪದ ಕೇಳಿಸಿಕೊಂಡಿದ್ದ 50 ಜನರಲ್ಲಿ ಹಾಗೆಂದವರು 7 ಮಂದಿ. ಒಂದು ಕ್ರಿಯಾಪದ ಇಷ್ಟು ಮಾಡಬಲ್ಲದಾದರೆ, ಠಾಣೆಯಲ್ಲಿ ‘ಅವನಿಗೆ ಗಡ್ಡ ಇತ್ತಲ್ಲವೇ’ ಎಂದು ಕೇಳುವ ಪ್ರಶ್ನೆ ಏನು ಮಾಡಬಹುದೆಂದು ಯೋಚಿಸಬೇಕು.

ಪೊಲೀಸರ ಪ್ರಶ್ನೆಗಿಂತ ಮುಂಚೆಯೇ ಊರಿನ ಮಾತು ಬಂದಿರುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಬೆಳಗಾಗುವುದರೊಳಗೆ ತೋಟದ ಮೇಸ್ತ್ರಿ, ಪಕ್ಕದ ಎಸ್ಟೇಟಿನವರು, ಚಹಾ ಅಂಗಡಿಯವರು ಎಲ್ಲರೂ ರೈಟರ್ ಬಾಯಿಂದ ಕಥೆ ಕೇಳಿರುತ್ತಾರೆ, ತಮಗೆ ತೋಚಿದ್ದನ್ನು ಸೇರಿಸಿರುತ್ತಾರೆ. ಫಿಯೋನಾ ಗ್ಯಾಬರ್ಟ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಘಟನೆಯನ್ನು ಬೇರೆ ಬೇರೆ ಕೋನಗಳಿಂದ ತೋರಿಸುವ ವಿಡಿಯೊಗಳನ್ನು ಇಬ್ಬಿಬ್ಬರಿಗೆ ಪ್ರತ್ಯೇಕವಾಗಿ ತೋರಿಸಿ, ಆಮೇಲೆ ಪರಸ್ಪರ ಮಾತಾಡಲು ಬಿಡಲಾಯಿತು. ಮಾತಾಡಿದವರಲ್ಲಿ ನೂರಕ್ಕೆ 71 ಮಂದಿ, ತಾವು ಕಾಣಲು ಸಾಧ್ಯವೇ ಇಲ್ಲದಿದ್ದ, ಜೊತೆಗಾರರಿಂದ ಕೇಳಿದ ಸಂಗತಿಯನ್ನು ತಾವೇ ಕಂಡದ್ದೆಂದು ವರದಿ ಮಾಡಿದರು. ಇಂದು ಇದಕ್ಕೆ ವಾಟ್ಸಾಪ್ ಸೇರಿದೆ. ಯಾರೋ ಅನುಮಾನದ ಮೇಲೆ ಒಬ್ಬನ ಫೋಟೊವನ್ನು ಗುಂಪಿನಲ್ಲಿ ಹಾಕಿದರೆ, ರೈಟರ್ ಅದನ್ನು ಮೊಬೈಲಿನಲ್ಲಿ ಹಿಗ್ಗಿಸಿ ನೋಡಿದರೆ, ಟಾರ್ಚ್ ಬೆಳಕಿನಲ್ಲಿ ಕಂಡ ಮಸುಕು ಮುಖದ ಜಾಗದಲ್ಲಿ ಆ ಸ್ಪಷ್ಟ ಮುಖ ಬಂದು ಕೂರುವ ಸಾಧ್ಯತೆ ಇದೆ. ಆಮೇಲೆ ಎದುರಿಗೆ ಆ ಮನುಷ್ಯ ಬಂದಾಗ ಅವರಿಗೆ ಪರಿಚಯದ ಭಾವ ಉಂಟಾಗುವುದು ನಿಜ. ಆದರೆ ಆ ಪರಿಚಯ ಗೋದಾಮಿನ ಮುಂದಿನದೋ ಮೊಬೈಲಿನದೋ ಎಂಬುದನ್ನು ಬೇರ್ಪಡಿಸಿ ಹೇಳುವ ಶಕ್ತಿ ಮನಸ್ಸಿಗೆ ಬಹಳ ಕಡಿಮೆ.

ಮೂರನೆಯದು ಗುರುತಿಸುವ ಗಳಿಗೆ. ಗುರುತು ಪತ್ತೆ ಪರೇಡಿನಲ್ಲಿ, ಅಂದರೆ ಶಂಕಿತನನ್ನು ಇತರರ ನಡುವೆ ನಿಲ್ಲಿಸಿ ತೋರಿಸುವಾಗ, ಸಾಲಾಗಿ ನಿಂತ ಏಳೆಂಟು ಜನರನ್ನು ನೋಡುವ ಸಾಕ್ಷಿ, ಪ್ರತಿಯೊಬ್ಬನನ್ನೂ ತನ್ನ ನೆನಪಿನೊಂದಿಗೆ ಹೋಲಿಸುವ ಬದಲು ಒಬ್ಬನನ್ನು ಇನ್ನೊಬ್ಬನೊಂದಿಗೆ ಹೋಲಿಸಿ, ‘ಇವರಲ್ಲಿ ಯಾರು ಅವನಿಗೆ ಹೆಚ್ಚು ಹತ್ತಿರ’ ಎಂದು ಆರಿಸುವ ಪ್ರವೃತ್ತಿಯನ್ನು ಗ್ಯಾರಿ ವೆಲ್ಸ್ 1980ರ ದಶಕದಲ್ಲಿಯೇ ವಿವರಿಸಿದರು. ನಿಜವಾದ ಅಪರಾಧಿ ಸಾಲಿನಲ್ಲಿದ್ದರೆ ಇದರಿಂದ ಹಾನಿಯಿಲ್ಲ; ಇಲ್ಲದಿದ್ದರೆ ಅವನನ್ನು ಸ್ವಲ್ಪ ಹೋಲುವ ನಿರಪರಾಧಿಯ ಕಡೆಗೆ ಬೆರಳು ಹೋಗುತ್ತದೆ. ಅದಕ್ಕಾಗಿಯೇ ‘ಅಪರಾಧಿ ಈ ಸಾಲಿನಲ್ಲಿ ಇರಬಹುದು, ಇಲ್ಲದೆಯೂ ಇರಬಹುದು’ ಎಂದು ಮೊದಲೇ ಹೇಳಬೇಕು ಮತ್ತು ಸಾಲನ್ನು ತೋರಿಸುವ ಅಧಿಕಾರಿಗೇ ಶಂಕಿತ ಯಾರೆಂದು ಗೊತ್ತಿರಬಾರದು ಎಂದು ಸಂಶೋಧಕರು ಒತ್ತಿ ಹೇಳುತ್ತಾರೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಆಶ್ರಯದ ಸಮಿತಿಯೂ 2014ರ ವರದಿಯಲ್ಲಿ ಇವನ್ನು ಶಿಫಾರಸು ಮಾಡಿತು.

ಗುರುತಿಸಿದ ಮರುಕ್ಷಣ ಕಿವಿಗೆ ಬೀಳುವ ಮಾತಿನ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ನ್ಯಾಯಾಲಯದಲ್ಲಿ ನಾವು ಅತಿಯಾಗಿ ನಂಬುವ ‘ಖಚಿತತೆ’ ಹುಟ್ಟುವುದು ಇಲ್ಲಿಯೇ. ವೆಲ್ಸ್ ಮತ್ತು ಏಮಿ ಬ್ರಾಡ್‌ಫೀಲ್ಡ್ 1998ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಭದ್ರತಾ ಕ್ಯಾಮೆರಾದ ದೃಶ್ಯದಲ್ಲಿ ಒಬ್ಬನನ್ನು ನೋಡಿದವರಿಗೆ ಅವನಿಲ್ಲದ ಫೋಟೊಗಳ ಸಾಲನ್ನು ಕೊಟ್ಟರು. ಆರಿಸಿದ ಪ್ರತಿಯೊಬ್ಬರ ಆಯ್ಕೆಯೂ ತಪ್ಪೇ ಆಗಿತ್ತು. ಆಮೇಲೆ ಕೆಲವರಿಗೆ ‘ಒಳ್ಳೆಯದು, ಶಂಕಿತನನ್ನೇ ಗುರುತಿಸಿದಿರಿ’ ಎಂದು ಹೇಳಿದರು, ಕೆಲವರಿಗೆ ಏನನ್ನೂ ಹೇಳಲಿಲ್ಲ. ಮೆಚ್ಚುಗೆ ಕೇಳಿದವರು ತಮಗೆ ಆರಿಸುವಾಗಲೇ ಹೆಚ್ಚು ಖಾತ್ರಿಯಿತ್ತು ಎಂದರು. ಅಷ್ಟೇ ಅಲ್ಲದೆ, ಮುಖ ಚೆನ್ನಾಗಿ ಕಂಡಿತ್ತು, ಹೆಚ್ಚು ಗಮನವಿಟ್ಟು ನೋಡಿದ್ದೆ, ಸುಲಭವಾಗಿ ಗುರುತಿಸಿದೆ ಎಂದೂ ಹೇಳಿದರು. ನಂತರ ಕಿವಿಗೆ ಬಿದ್ದ ಒಂದು ಮಾತು ಹಿಂದಕ್ಕೆ ಹರಿದು, ಕಂಡ ಗಳಿಗೆಯ ಬೆಳಕನ್ನೇ ಹೆಚ್ಚಿಸಿಬಿಟ್ಟಿತ್ತು. ‘ಬೆಳಕು ಹೇಗಿತ್ತು, ಎಷ್ಟು ಹೊತ್ತು ನೋಡಿದಿರಿ, ಖಾತ್ರಿಯಿದೆಯೇ’ ಎಂದು ನ್ಯಾಯಾಲಯ ಸಾಕ್ಷಿಯನ್ನು ಅಳೆಯಲು ಕೇಳುವ ಪ್ರಶ್ನೆಗಳೂ ಇವೇ. ಅಳತೆಗೋಲೇ ಹಿಗ್ಗಿಹೋಗಿದ್ದರೆ ಅಳತೆ ಸರಿಯಾಗುವುದು ಹೇಗೆ?

ಇದೆಲ್ಲ ಒಂದೇ ಪ್ರಕರಣದಲ್ಲಿ ಹೇಗೆ ಸೇರಿಕೊಂಡೀತೆಂಬುದಕ್ಕೆ ಅಮೆರಿಕದ ರೊನಾಲ್ಡ್ ಕಾಟನ್ ಅವರ ಮೊಕದ್ದಮೆ ಪ್ರಸಿದ್ಧ ಉದಾಹರಣೆ. 1984ರ ಜುಲೈನಲ್ಲಿ ಉತ್ತರ ಕೆರೊಲೈನಾದ ಬರ್ಲಿಂಗ್‌ಟನ್‌ನಲ್ಲಿ ಅತ್ಯಾಚಾರಕ್ಕೊಳಗಾದ ವಿದ್ಯಾರ್ಥಿನಿಯೊಬ್ಬರು, ಮುಂದೆ ಗುರುತಿಸಲೇಬೇಕೆಂದು ಆ ಸಂಕಟದಲ್ಲೂ ಅವನ ಮುಖವನ್ನು ಗಮನವಿಟ್ಟು ನೋಡಿದ್ದರು. ಪೊಲೀಸರು ಕೊಟ್ಟ ಫೋಟೊಗಳಲ್ಲಿ ಅವರು ಹಲವು ನಿಮಿಷ ಯೋಚಿಸಿ ಕಾಟನ್ ಅವರದನ್ನು ಆರಿಸಿದರು. ಆಮೇಲೆ ನಡೆದ ಪರೇಡಿನಲ್ಲಿ, ಫೋಟೊದಲ್ಲೂ ಸಾಲಿನಲ್ಲೂ ಇದ್ದ ಏಕೈಕ ವ್ಯಕ್ತಿ ಕಾಟನ್ ಆಗಿದ್ದರು. ಇಲ್ಲೂ ಅವರನ್ನೇ ಆರಿಸಿದಾಗ, ಫೋಟೊದಲ್ಲಿ ಆರಿಸಿದ್ದು ಅದೇ ವ್ಯಕ್ತಿಯನ್ನು ಎಂದು ಪೊಲೀಸರು ತಿಳಿಸಿದರು. 1985ರಲ್ಲಿ ಕಾಟನ್ ಅವರಿಗೆ ಶಿಕ್ಷೆಯಾಯಿತು. 1987ರ ಮರುವಿಚಾರಣೆಯಲ್ಲಿ ನಿಜವಾದ ಅಪರಾಧಿಯನ್ನೇ ಆ ವಿದ್ಯಾರ್ಥಿನಿಯ ಮುಂದೆ ತಂದು ನಿಲ್ಲಿಸಲಾಯಿತು; ಈತನನ್ನು ತಾನು ನೋಡಿಯೇ ಇಲ್ಲ ಎಂದು ಅವರು ಪ್ರಾಮಾಣಿಕವಾಗಿ ಹೇಳಿದರು, ಏಕೆಂದರೆ ಅಷ್ಟು ಹೊತ್ತಿಗೆ ಅವರ ನೆನಪಿನಲ್ಲಿದ್ದುದು ಕಾಟನ್ ಅವರ ಮುಖವೇ. ಹತ್ತೂವರೆ ವರ್ಷ ಸೆರೆಯಲ್ಲಿದ್ದ ಮೇಲೆ 1995ರಲ್ಲಿ ಡಿಎನ್‌ಎ ಪರೀಕ್ಷೆ ಕಾಟನ್ ಅವರನ್ನು ಬಿಡಿಸಿತು.

ಬ್ಯಾರಿ ಶೆಕ್ ಮತ್ತು ಪೀಟರ್ ನ್ಯೂಫೆಲ್ಡ್ 1992ರಲ್ಲಿ ಆರಂಭಿಸಿದ ಇನೊಸೆನ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆ ಮತ್ತು ಅಂಥ ಇತರರ ಯತ್ನದಿಂದ ಹೀಗೆ ಬಿಡುಗಡೆಯಾದವರು ನೂರಾರು. ಮೊದಲ 250 ಮಂದಿಯ ಪ್ರಕರಣಗಳನ್ನು ಪರಿಶೀಲಿಸಿದ ಕಾನೂನು ಪ್ರಾಧ್ಯಾಪಕ ಬ್ರಾಂಡನ್ ಗ್ಯಾರೆಟ್, ಅವುಗಳಲ್ಲಿ 190ರಲ್ಲಿ ಪ್ರತ್ಯಕ್ಷದರ್ಶಿಯ ತಪ್ಪು ಗುರುತು ಇದ್ದುದನ್ನು ಕಂಡರು. ವಿಚಾರಣೆಯ ದಾಖಲೆ ದೊರೆತ ಇಂಥ 161 ಪ್ರಕರಣಗಳಲ್ಲಿ ನೂರಕ್ಕೆ 57ರಷ್ಟರಲ್ಲಿ, ಮೊದಲ ಸಲ ಗುರುತಿಸುವಾಗ ತಮಗೆ ಖಾತ್ರಿಯಿರಲಿಲ್ಲ ಎಂದು ಸಾಕ್ಷಿಗಳೇ ಹೇಳಿದ್ದು ದಾಖಲಾಗಿತ್ತು. ಆದರೆ ನ್ಯಾಯಾಲಯಕ್ಕೆ ಬರುವ ಹೊತ್ತಿಗೆ ಅವರ ಮಾತಿನಲ್ಲಿ ಅನುಮಾನ ಉಳಿದಿರಲಿಲ್ಲ.

ಈಗ ನಮ್ಮ ಕಾನೂನಿಗೆ ಬರೋಣ. ಗುರುತು ಪತ್ತೆ ಪರೇಡನ್ನು ನಮ್ಮಲ್ಲಿ ಪೊಲೀಸರು ನಡೆಸುವುದಿಲ್ಲ; ದಂಡಾಧಿಕಾರಿಯ ಮುಂದೆ, ಕರ್ನಾಟಕದಲ್ಲಿ ಸಾಮಾನ್ಯವಾಗಿ ತಹಶೀಲ್ದಾರರ ಮುಂದೆ, ಜೈಲಿನಲ್ಲಿ ನಡೆಯುತ್ತದೆ. ತನಿಖೆ ನಡೆಸಿದವರನ್ನು ದೂರವಿಡುವ ಈ ಪದ್ಧತಿ, ಪಾಶ್ಚಾತ್ಯ ಸಂಶೋಧಕರು ತಡವಾಗಿ ಬೇಡತೊಡಗಿದ ಎಚ್ಚರಿಕೆಗೆ ಬಹಳ ಹತ್ತಿರದ್ದು ಎಂದು ನನ್ನ ಅಭಿಪ್ರಾಯ. ಆದರೆ ಪರೇಡಿನಲ್ಲಿ ಗುರುತಿಸಿದ್ದು ಸ್ವತಂತ್ರ ಸಾಕ್ಷ್ಯವಲ್ಲ, ನ್ಯಾಯಾಲಯದಲ್ಲಿ ಗುರುತಿಸುವುದೇ ಮೂಲ ಸಾಕ್ಷ್ಯ, ಪರೇಡ್ ಅದಕ್ಕೆ ಬೆಂಬಲ ಮಾತ್ರ ಎಂಬುದು ಸ್ಥಾಪಿತ ನಿಯಮ. 2003ರ ಮಲ್ಖಾನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ, ಪಾಟಿ ಸವಾಲಿಗೆ ಒಳಗಾಗಿ ಹೇಳಿದ ಮಾತಿಗೆ ಹೆಚ್ಚಿನ ಬೆಲೆ ಕೊಡಬೇಕೆಂಬ ತತ್ವದಿಂದ ಈ ನಿಯಮ ಬಂದಿದೆ, ಮತ್ತು ಆ ತತ್ವ ಗೌರವಕ್ಕೆ ಅರ್ಹವಾದದ್ದು. ಮನೋವಿಜ್ಞಾನ ಮಾತ್ರ ಇದರ ವಿರುದ್ಧ ದಿಕ್ಕಿನಲ್ಲಿ ನಿಲ್ಲುತ್ತದೆ. ವರ್ಷಗಳು ಕಳೆದ ಮೇಲೆ ರೈಟರ್ ಸಾಕ್ಷಿ ಕಟಕಟೆ ಏರಿ ಆಚೆ ನೋಡಿದಾಗ, ಆರೋಪಿಯ ಜಾಗದಲ್ಲಿ ನಿಂತಿರುವವರು ಯಾರೆಂದು ತಿಳಿಯಲು ನೆನಪಿನ ಅಗತ್ಯವೇ ಇರುವುದಿಲ್ಲ. ಅಲ್ಲಿ ಹೋಲಿಸಲು ಬೇರೆ ಮುಖಗಳಿಲ್ಲ, ಪರೇಡಿನಲ್ಲಿ ಅದೇ ಮುಖವನ್ನು ಒಮ್ಮೆ ಕಂಡೂ ಆಗಿದೆ. ಜಾನ್ ವಿಕ್ಸ್‌ಟೆಡ್, ವೆಲ್ಸ್, ಲಾಫ್ಟಸ್ ಮತ್ತು ಗ್ಯಾರೆಟ್ 2021ರಲ್ಲಿ ಒಟ್ಟಾಗಿ ಬರೆದ ಲೇಖನದಲ್ಲಿ, ಒಬ್ಬ ಶಂಕಿತನ ವಿಷಯದಲ್ಲಿ ಸಾಕ್ಷಿಯ ನೆನಪನ್ನು ಒಂದೇ ಒಂದು ಸಲ ಪರೀಕ್ಷಿಸಬೇಕು, ಏಕೆಂದರೆ ಮೊದಲ ಪರೀಕ್ಷೆಯೇ ನೆನಪನ್ನು ಬದಲಿಸಿಬಿಡುತ್ತದೆ ಎಂದು ವಾದಿಸಿದ್ದಾರೆ. ಹಾಗಾದರೆ ನಾವು ಮೂಲ ಸಾಕ್ಷ್ಯವೆಂದು ಕರೆಯುವುದು ಮಾಸಿದ ಪ್ರತಿಯ ಮೇಲೆ ಮಾಡಿದ ಪ್ರತಿ.

ಸಾಕ್ಷಿಯ ನೆನಪನ್ನು ನಂಬಲೇಬಾರದು ಎಂದು ಇದರಿಂದ ತೀರ್ಮಾನಿಸಿದರೆ ಅದು ದೊಡ್ಡ ತಪ್ಪು. ವಿಕ್ಸ್‌ಟೆಡ್ ಮತ್ತು ವೆಲ್ಸ್ 2017ರ ಸಮೀಕ್ಷೆಯಲ್ಲಿ ತೋರಿಸಿದಂತೆ, ಪರೀಕ್ಷೆ ಸರಿಯಾದ ಕ್ರಮದಲ್ಲಿ, ಯಾರ ಸೂಚನೆಯೂ ಇಲ್ಲದೆ ನಡೆದಿದ್ದರೆ, ಮೊದಲ ಸಲದ ಖಾತ್ರಿ ಒಳ್ಳೆಯ ಮಾರ್ಗದರ್ಶಿ: ಆಗ ‘ಖಂಡಿತ ಇವನೇ’ ಎಂದವರು ಬಹುಪಾಲು ಸರಿಯಾಗಿರುತ್ತಾರೆ, ‘ಇರಬಹುದು’ ಎಂದವರು ಅನೇಕ ಸಲ ತಪ್ಪಿರುತ್ತಾರೆ. ನಮ್ಮ ಸುಪ್ರೀಂ ಕೋರ್ಟ್ ಕೂಡ 1983ರ ಭರವಾಡ ಭೋಗಿನ್‌ಭಾಯ್ ಪ್ರಕರಣದಲ್ಲಿ, ಸಾಕ್ಷಿಗೆ ಛಾಯಾಚಿತ್ರದಂಥ ನೆನಪಿರಬೇಕೆಂದು ನಿರೀಕ್ಷಿಸಲಾಗದು, ಮನಸ್ಸಿನ ಪರದೆಯ ಮೇಲೆ ವಿಡಿಯೊ ಟೇಪ್ ಓಡುವುದಿಲ್ಲ ಎಂಬರ್ಥದ ವಿವೇಕದ ಮಾತು ಹೇಳಿ, ಸಣ್ಣಪುಟ್ಟ ವ್ಯತ್ಯಾಸಗಳಿಗಾಗಿ ಸಾಕ್ಷಿಯನ್ನು ತಳ್ಳಿಹಾಕಬಾರದೆಂದಿತು. ಲುಂಗಿ ಯಾವ ಬಣ್ಣದ್ದು, ಗಂಟೆ ಎರಡೋ ಎರಡೂವರೆಯೋ ಎಂದು ಪಾಟಿ ಸವಾಲಿನಲ್ಲಿ ಸಾಕ್ಷಿಯನ್ನು ಎಡವಿಸುವುದು ವಕೀಲರಿಗೆ ಸುಲಭ. ಆದರೆ ಅಂಥ ಎಡವುವಿಕೆ ಆರೋಗ್ಯವಂತ ನೆನಪಿನ ಸಹಜ ಗುಣ, ಅದರಿಂದ ಗುರುತು ಸರಿಯೋ ತಪ್ಪೋ ತಿಳಿಯುವುದಿಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ: ಪರೇಡಿಗೆ ಮುಂಚೆ ಫೋಟೊ ಯಾರು ತೋರಿಸಿದರು, ಎಷ್ಟು ದಿನ ತಡವಾಯಿತು, ಸಾಲಿನಲ್ಲಿ ನಿಂತವರು ನೋಡಲು ಒಂದೇ ಬಗೆಯವರಾಗಿದ್ದರೇ, ಗುರುತಿಸಿದ ಕ್ಷಣ ಸಾಕ್ಷಿಯ ಬಾಯಿಂದ ಬಂದ ಮೊದಲ ಮಾತು ಯಾವುದು.

ಆ ಮೊದಲ ಮಾತು ನಮ್ಮ ವ್ಯವಸ್ಥೆಯಲ್ಲಿ ಉಳಿಯುವುದೇ ಇಲ್ಲ ಎಂಬುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಸಂಗತಿ. ದೂರಿನ ಬಳಿಕ ತನಿಖೆಯಲ್ಲಿ ಪೊಲೀಸರು ಪಡೆಯುವ ಹೇಳಿಕೆಗೆ ಸಾಕ್ಷಿಯ ಸಹಿ ಇರಬಾರದು ಎಂಬುದು ಕಾನೂನು. ಬಲವಂತದ ಹೇಳಿಕೆಗೆ ಸಾಕ್ಷಿ ಕಟ್ಟುಬೀಳಬಾರದೆಂಬ ಒಳ್ಳೆಯ ಉದ್ದೇಶ ಅದರ ಹಿಂದಿದೆ. ಆದರೆ ‘ಅಂದಾಜು ಹೀಗಿದ್ದ ಅನ್ಸುತ್ತೆ, ಕತ್ಲಲ್ಲಿ ಸರಿಯಾಗಿ ಕಾಣ್ಲಿಲ್ಲ’ ಎಂದು ರೈಟರ್ ಆಡಿದ ಮಾತು ಕಾಗದಕ್ಕೆ ಇಳಿಯುವಾಗ ‘ಸದರಿ ಆಸಾಮಿಯನ್ನು ಟಾರ್ಚ್ ಬೆಳಕಿನಲ್ಲಿ ನೋಡಿರುತ್ತೇನೆ’ ಎಂದಾಗಬಹುದು. ಅನುಮಾನದ ಪದಗಳು ಕಚೇರಿಯ ಕನ್ನಡದಲ್ಲಿ ಕರಗಿಹೋಗುತ್ತವೆ. ಹೇಳಿಕೆಯನ್ನು ಆಡಿಯೊ ಮತ್ತು ವಿಡಿಯೊ ಸಾಧನದಲ್ಲಿ ದಾಖಲಿಸಲು ಕಾನೂನಿನಲ್ಲಿ ಅವಕಾಶವಿದೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಆ ಅವಕಾಶವನ್ನು ಉಳಿಸಿಕೊಂಡಿದೆ. ಅದನ್ನು ಕಡ್ಡಾಯ ಮಾಡದಿದ್ದರೂ, ಆರೋಪಿ ಅಪರಿಚಿತನಾಗಿರುವ ಪ್ರಕರಣಗಳಲ್ಲಿ ಮಾತ್ರವಾದರೂ ರೂಢಿಗೆ ತಂದರೆ, ವರ್ಷಗಳ ನಂತರ ನ್ಯಾಯಾಧೀಶರು ಸಾಕ್ಷಿಯ ಅಂದಿನ ದನಿಯನ್ನೇ ಕೇಳಬಹುದು.

ಆಲ್ದೂರಿನ ಆ ಕಲ್ಪಿತ ಬೆಳಗಿಗೆ ಮರಳಿದರೆ, ಆಗಬೇಕಾದದ್ದು ಹೆಚ್ಚೇನಿಲ್ಲ. ರೈಟರ್ ಯಾರೊಡನೆಯೂ ಚರ್ಚಿಸುವ ಮೊದಲು ತಮಗೆ ಕಂಡದ್ದನ್ನು ತಮ್ಮ ಮಾತಿನಲ್ಲಿ ಒಂದು ಹಾಳೆಯ ಮೇಲೆ ಬರೆದಿಡಬೇಕು. ಠಾಣೆಯಲ್ಲಿ ಅವರನ್ನು ಗಡ್ಡವಿತ್ತೇ ಮೀಸೆಯಿತ್ತೇ ಎಂದು ಕೇಳದೆ, ನಾಯಿ ಬೊಗಳಿದಲ್ಲಿಂದ ಹಿಡಿದು ನಡೆದುದನ್ನೆಲ್ಲ ಅಡ್ಡಮಾತಿಲ್ಲದೆ ಹೇಳಲು ಬಿಡಬೇಕು. ಎಡ್ವರ್ಡ್ ಗೈಸೆಲ್ಮನ್ ಮತ್ತು ರೊನಾಲ್ಡ್ ಫಿಶರ್ 1980ರ ದಶಕದಲ್ಲಿ ರೂಪಿಸಿದ ಸಂದರ್ಶನ ವಿಧಾನದ ತಿರುಳೂ ಅದೇ, ಅದರಿಂದ ಹೆಚ್ಚು ಸರಿಯಾದ ವಿವರಗಳು ಹೊರಬರುತ್ತವೆ. ಬಳಿಕ ದೂರು ಬರೆದುಕೊಳ್ಳುವವರು ‘ಮುಂದೆ ನೋಡಿದರೆ ಗುರುತಿಸುತ್ತೀರಾ’ ಎಂದು ಕೇಳಿ, ಅವರು ‘ಗೊತ್ತಿಲ್ಲ ಸಾರ್, ಮಚ್ಚು ಕಂಡಷ್ಟು ಮುಖ ಕಾಣ್ಲಿಲ್ಲ’ ಎಂದರೆ, ಅದನ್ನು ದೂರಿನಲ್ಲಿಯೇ ಅದೇ ಪದಗಳಲ್ಲಿ ಬರೆದು, ಓದಿ ಹೇಳಿ, ಅದರ ಕೆಳಗೆ ಅವರ ಸಹಿ ಪಡೆಯಬೇಕು.